ಹದಿನೈದು ಅಕ್ಷರದಾಚೆ

ಕ್ಲಾಕ್ಸ್‌ವೀಕಿನ ಮೀನು ಹರಾಜಿನ ಶೆಡ್ಡಿನಿಂದ
ಬೆಳಗಿನ ಜಾವ ನಾಲ್ಕಕ್ಕೆ ಫೋನು:
ಒಂದೇ ದೋಣಿಗೆ ಪ್ರೋಗ್ರಾಂ ಸಾಯುತ್ತಿದೆ.
ಒಂದೇ ದೋಣಿಗೆ?
ಒಂದೇ ದೋಣಿಗೆ.
‘ತೋರ್’ ಬಂತು, ತೂಕದ ಚೀಟಿ ಬಂತು.
‘ಎರ್ಲಾ’ ಬಂತು, ಚೀಟಿ ಬಂತು.
‘ಸುನ್ನುವಾ ಮಾರ್ಯುನ್ ಎಲ್ಸ್ಪಾ’ ಎಂದು ಒತ್ತಿದರೆ
ಕಿಟಕಿ ಬೆಳ್ಳಗಾಗುತ್ತದೆ, ಆಮೇಲೆ
ಕಿಟಕಿಯೇ ಇರುವುದಿಲ್ಲ.

ಸಮುದ್ರದಡಿಯ ಸುರಂಗ ದಾಟಿ ನಾನು ಬಂದಾಗ
ದೋಣಿಯ ಯಜಮಾನ ಡಾನ್ಯಲ್
ಹನ್ನೊಂದು ಪೆಟ್ಟಿಗೆ ಕಾಡ್ ಮೀನಿನ ಮೇಲೆ
ಐಸು ಸುರಿಯುತ್ತ ನಿಂತಿದ್ದ.
‘ಹೆಸರು ಮೊಟಕು ಮಾಡು ಅಂತಾರೆ, ಮೂರು ಅಕ್ಷರ ಸಾಕಂತೆ.
ಒಬ್ಬಳು ನನ್ನಜ್ಜಿ, ಒಬ್ಬಳು ತಾಯಿ,
ಇನ್ನೊಬ್ಬಳು ಮನೆಯಲ್ಲಿ ಕಾಫಿ ಕಾಯಿಸ್ತಿದ್ದಾಳೆ.
ಯಾರನ್ನ ಇಳಿಸಲಿ, ಹೇಳು, ದೋಣಿಯಿಂದ?’

ಉತ್ತರ ನನ್ನ ಬಳಿ ಇರಲಿಲ್ಲ. ಲ್ಯಾಪ್‌ಟಾಪ್ ಇತ್ತು.

ಮೊದಲು ಪ್ರಿಂಟರನ್ನು ಬೈದೆ. ಆಮೇಲೆ ಕೇಬಲ್ಲನ್ನು.
ಅಳೆದೂ ಸುರಿದೂ ಕೊನೆಗೆ ಹೆಸರನ್ನೇ ಎಣಿಸಿದೆ:
ನಮ್ಮ ಲಿಪಿಯಲ್ಲಿ ಇಪ್ಪತ್ತು, ನಡುವಿನ ಖಾಲಿಗಳೂ ಸೇರಿ.
ಒಂದೇ ಅಕ್ಷರವನ್ನು ಹದಿನೈದು ಸಲ ಒತ್ತಿದೆ. ಚೀಟಿ.
ಹದಿನಾರು ಸಲ ಒತ್ತಿದೆ.
ಬಿಳಿ.

ಹದಿನೈದರವರೆಗೆ ಹೆಸರು ತನ್ನ ಜೇಬಿನಲ್ಲೇ ಕೂರುತ್ತದೆ,
ಯಾರ ಹಂಗೂ ಇಲ್ಲ.
ಅದಕ್ಕಿಂತ ಉದ್ದವಾದರೆ ಉಗ್ರಾಣಕ್ಕೆ ಹೋಗಬೇಕು,
ಪಾತ್ರೆ ಕಡ ಕೇಳಬೇಕು,
ಕೆಲಸ ಮುಗಿದ ಮೇಲೆ ತೊಳೆದು ಹಿಂತಿರುಗಿಸಬೇಕು.
ಇಲ್ಲಿ ಉಗ್ರಾಣ ಎರಡು.
ತಕ್ಕಡಿಯ ಲೈಬ್ರರಿಯನ್ನು ಸಾಮಲ್ ಕಟ್ಟಿದ್ದು
ಎರಡು ಸಾವಿರದ ಹನ್ನೊಂದರ ಕಂಪೈಲರಿನಲ್ಲಿ;
ಅದು ತನ್ನ ಕಾಲದ ಉಗ್ರಾಣವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದೆ.
ಅಲ್ಲಿಂದ ತಂದ ಪಾತ್ರೆಯನ್ನು
ಈ ವರ್ಷದ ಉಗ್ರಾಣಕ್ಕೆ ಒಪ್ಪಿಸಿದರೆ
ಉಗ್ರಾಣಿ ಲೆಕ್ಕದ ಪುಸ್ತಕ ತೆಗೆಯುತ್ತಾನೆ:
ಇದು ನನ್ನದಲ್ಲ.
ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯಲ್ಲ,
ಇಡೀ ಮನೆಯ ದೀಪ ಆರಿಸುತ್ತಾನೆ.

ಸಾಮಲ್ ಈಗ ವೀದರೈದಿಯಲ್ಲಿ ಕುರಿ ಬೇಲಿ ರಿಪೇರಿ ಮಾಡುತ್ತಾನೆ.
ಗಾಳಿಯ ಸದ್ದಿನ ನಡುವೆ ಅವನದು ಒಂದೇ ಪ್ರಶ್ನೆ:
‘ಕಂಪೈಲರ್ ಬದಲಾಯಿಸಿದ್ದು ಯಾರು?’

ನಾನೇ.
ಕಳೆದ ತಿಂಗಳು, ವೇಗ ಸಿಗುತ್ತದೆ ಎಂದು.
ಕಟ್ಟಿದಾಗ ಒಂದೂ ಎಚ್ಚರಿಕೆ ಬರಲಿಲ್ಲವೆಂದು
ದಾಲ್ಚಿನ್ನಿ ಬನ್ನು ತರಿಸಿ ಹಂಚಿದ್ದೂ ನಾನೇ.
ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ
ಕೇಬಲ್ಲು ಬೈಯುತ್ತಿದ್ದೆ ಇಷ್ಟು ಹೊತ್ತು.

ಗಾಳದ ಕೊಕ್ಕೆಗಳ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿ
ಅವನು ಮೂಲ ಕೋಡು ಕಾಪಾಡಿಟ್ಟಿದ್ದ.
ಎರಡನ್ನೂ ಒಂದೇ ಕಂಪೈಲರಿನಲ್ಲಿ, ಒಂದೇ ಉಗ್ರಾಣ ನಂಬಿ,
ಮತ್ತೆ ಕಟ್ಟಿದೆ.
ಈ ಸಲ ನಲವತ್ತೊಂದು ಎಚ್ಚರಿಕೆ.
ಒಂದೊಂದನ್ನೂ ಓದಿದೆ, ಬೈಗುಳ ಕೇಳುವ ಹಾಗೆ, ತಲೆ ತಗ್ಗಿಸಿ.

ಮಧ್ಯೆ ಒಮ್ಮೆ ‘ತೋರ್’ ನೆನಪಾಯಿತು.
ತಿಂಗಳಿಡೀ ಅದೇ ಬಿರುಕಿನ ಮೇಲೆ ನಡೆದು ಹೋಗಿದ್ದ ದೋಣಿ.
ನಮ್ಮದು ಸರಿಯಿತ್ತೆಂದು ಅಲ್ಲ,
ಅದರ ಹೆಸರು ಚಿಕ್ಕದಿತ್ತೆಂದು.
ಅದರ ಯಜಮಾನನಿಗೆ ಇದನ್ನು ಹೇಳಬೇಕೆ?
ಅವನು ಆಗಲೇ ಮಲಗಿರುತ್ತಾನೆ.

ಒಂಬತ್ತೂವರೆಗೆ ಚೀಟಿ ಬಂತು,
ಮೂವರು ಹೆಂಗಸರೂ ಒಂದೇ ಸಾಲಿನಲ್ಲಿ.
ಡಾನ್ಯಲ್ ಕನ್ನಡಕ ಹಾಕಿಕೊಂಡ.
ಹೆಸರಿನತ್ತ ನೋಡಲೇ ಇಲ್ಲ.
‘ಇನ್ನೂರ ಎಂಟು ಕಿಲೋ?’ ಎಂದ,
‘ಇನ್ನೂರ ಹನ್ನೆರಡು ಇತ್ತಲ್ಲ ಬೆಳಿಗ್ಗೆ.’

ಐಸು ಕರಗಿದ ನೀರು ನಮ್ಮಿಬ್ಬರ ಬೂಟಿನ ನಡುವೆ ಹರಿದು
ಚರಂಡಿ ಹುಡುಕುತ್ತಿತ್ತು.